ತೋಪಿನ ಗೇಟಿನ ಬೀಗ ತೆಗೆಸಿ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಿಡಿಒಗಳಿಗೆ,

ಮಾನ್ಯರೇ,

ಜಗಳೂರು ಸೀಮೆಯ ಒಂದು ಹಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ನನಗೀಗ 62 ವರ್ಷ. ನಾಲ್ಕು ಎಕರೆ ಖುಷ್ಕಿ ಜಮೀನಿದೆ, ಅಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿ ಇದೆ. ಯಾವ ಪಕ್ಷಕ್ಕೂ ಸಂಘಕ್ಕೂ ಸೇರಿದವನಲ್ಲ. ಊರಿನ ಹೆಸರು ಬೇಕೆಂದೇ ಬರೆದಿಲ್ಲ. ಬರೆದರೆ ಅದು ಒಂದು ಊರಿನ ಜಗಳ ಆಗಿಬಿಡುತ್ತದೆ. ಬಿಡಾರ ಹೂಡಿದ ಅಲೆಮಾರಿಗಳನ್ನು ಓಡಿಸಿದ ಮಾತು ಸುತ್ತಲ ಊರುಗಳ ನೆಂಟರ ಬಾಯಲ್ಲೂ ಕೇಳಿದ್ದೇನೆ. ಅದಕ್ಕೇ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. 1997ರ ಆಗಸ್ಟ್‌ವರೆಗೆ ನಮ್ಮಲ್ಲಿ ಹೆಚ್ಚಿನವರು ಒಂದೇ ಜಿಲ್ಲೆಯವರು. ನಾನು ಹೇಳಹೊರಟಿರುವ ಅಲೆಮಾರಿ ಜನ ಆಗಲೂ ಈಗಲೂ ಜಿಲ್ಲೆಯ ಗಡಿ ನೋಡಿ ನಡೆದವರಲ್ಲ.

ಕಳೆದ ಮಾಗಿಯಲ್ಲಿ, ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಏಳು ಸಂಸಾರ ನಮ್ಮೂರಿಗೆ ಬಂದವು. ಮೂರು ಟಿವಿಎಸ್ ಗಾಡಿ, ಒಂದು ಹಳೇ ಲಗೇಜ್ ಆಟೊ. ಹೆಂಗಸರ ಉದುರಿದ ಕೂದಲು ತಗೊಂಡು ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬುಟ್ಟಿ ಕೊಡುವುದು ಅವರ ಈಗಿನ ಕಸುಬು. ಅವರಲ್ಲಿ ಒಬ್ಬ ಅಜ್ಜ ಇದ್ದರು. ವಯಸ್ಸಿನಲ್ಲಿ ಹಗಲುವೇಷ ಕಟ್ಟುತ್ತಿದ್ದವರಂತೆ. ಜೋಳ ಬೀಸಿಸಲು ಗಿರಣಿಗೆ ಬಂದಾಗ ನನ್ನ ಮೊಮ್ಮಗನಿಗೆ ಭೀಮನ ಗತ್ತು ತೋರಿಸಿದರು. ಬಾಯಲ್ಲಿದ್ದ ಎಲೆಅಡಿಕೆ ಹೊರಗೆ ಉಗಿದು ಬಂದರು. ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದರು. ಹಿಟ್ಟಿನ ಡಬ್ಬವನ್ನೇ ಗದೆ ಮಾಡಿಕೊಂಡು ಒಂದು ಹೂಂಕಾರ ಹಾಕಿದರು ನೋಡಿ, ಸರದಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಹಿಂದಕ್ಕೆ ಸರಿದರು. ಹುಡುಗ ಈಗಲೂ ಅದನ್ನೇ ಮಾಡಿ ತೋರಿಸುತ್ತಾನೆ.

ಮೂರನೇ ರಾತ್ರಿ ಒಂಬತ್ತರ ಹೊತ್ತಿಗೆ ಹದಿನೈದು ಇಪ್ಪತ್ತು ಹುಡುಗರು ಬೈಕಿನಲ್ಲಿ ಬಂದರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜು ಯಾರದೋ ಮೊಬೈಲಿಗೆ ಬಂದಿತ್ತು. ಎಲ್ಲಿಯದು, ಯಾವಾಗಿನದು ಅಂತ ಒಬ್ಬರೂ ಕೇಳಲಿಲ್ಲ. "ಈಗ್ಲೇ ಕಿತ್ಕೊಂಡು ಹೋಗ್ರಿ" ಅಂದರು. ಹೊಡೆಯಲಿಲ್ಲ, ಅದೊಂದು ಪುಣ್ಯ. ಒಬ್ಬ ಹೆಣ್ಣುಮಗಳು ಮೂರು ಕಲ್ಲಿನ ಒಲೆ ಮೇಲೆ ಅನ್ನಕ್ಕೆ ಇಟ್ಟಿದ್ದಳು. ಅಕ್ಕಿ ಅರ್ಧ ಬೆಂದಿತ್ತು. ಆಕೆ ಯಾರ ಜೊತೆಗೂ ಮಾತಿಗೆ ನಿಲ್ಲಲಿಲ್ಲ. ಗಂಜಿ ಬಸಿದು ಚೆಲ್ಲಿದಳು. ಸುಡುವ ಪಾತ್ರೆಯನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿದಳು. ಒಲೆಗೆ ಒಂದು ಚೊಂಬು ನೀರು ಹಾಕಿದಳು. ಆಮೇಲೆ ಆ ಮೂರು ಕಲ್ಲನ್ನೂ ದಾರಿಗೆ ಅಡ್ಡ ಆಗದ ಹಾಗೆ ಪಕ್ಕಕ್ಕೆ ಸರಿಸಿಟ್ಟಳು, ಅಷ್ಟು ಅವಸರದಲ್ಲೂ. ನಿದ್ದೆ ಮಾಡುತ್ತಿದ್ದ ಮಕ್ಕಳನ್ನು ಹಾಗೇ ಎತ್ತಿ ಆಟೊದಲ್ಲಿ ಮಲಗಿಸಿದರು. ಅರ್ಧ ಗಂಟೆಯಲ್ಲಿ ಜಾಗ ಖಾಲಿಯಾಯಿತು.

ನಾನು ಗಿರಣಿ ಬಾಗಿಲಲ್ಲೇ ನಿಂತಿದ್ದೆ. ಆ ಹುಡುಗರಲ್ಲಿ ಅರ್ಧ ಜನ ನಾನು ಎತ್ತಿ ಆಡಿಸಿದವರು. ಒಂದು ಮಾತು ಗದರಿದ್ದರೆ ಕೇಳುತ್ತಿದ್ದರೇನೋ. ನಾನು ಬಾಯಿ ಬಿಡಲಿಲ್ಲ. ಅವತ್ತಿನಿಂದ ಅದು ನನ್ನನ್ನು ಕೊರೆಯುತ್ತಿದೆ. ಬೆಳಿಗ್ಗೆ ಎದ್ದು ಪಂಚಾಯಿತಿಗೆ ಹೋದೆ. ಅಲ್ಲಿ ಕೂತಿದ್ದವರು ಕೆಟ್ಟವರೇನಲ್ಲ, ಕಾಫಿ ತರಿಸಿ ಕೊಟ್ಟರು. ಆದರೆ ಒಬ್ಬರು ಹೇಳಿದರು: "ಅವರು ನಮ್ಮ ಓಟರೇ ಅಲ್ವಲ್ಲ ಗಿರಣಿ ಅಣ್ಣಾ, ನಾವೇನು ಮಾಡೋಕಾಗುತ್ತೆ?" ಆ ಮಾತಿಗೆ ಅಲ್ಲೇ ಉತ್ತರ ಕೊಡಲು ನನಗೆ ಬರಲಿಲ್ಲ. ಈಗ ಬರೆದು ಕೊಡುತ್ತಿದ್ದೇನೆ.

ಮೊದಲು ಒಂದು ವಿಷಯ ಕೇಳಿ. ಆ ಏಳು ಸಂಸಾರ ರಸ್ತೆ ಪಕ್ಕದಲ್ಲಿ, ಕೆರೆ ಏರಿಯ ಕೆಳಗೆ ಬಿಡಾರ ಹೂಡಿದ್ದು ಯಾಕೆ? ನಮ್ಮೂರ ಗುಂಡುತೋಪಿಗೆ ಎರಡು ವರ್ಷದ ಹಿಂದೆ ತಂತಿ ಬೇಲಿ ಬಂತು. ಕಬ್ಬಿಣದ ಗೇಟು ಬಂತು, ಬೀಗ ಬಂತು. "ಹೊರಗಿನವರು ಇಲ್ಲಿ ಬಿಡಾರ ಹೂಡಬಾರದು" ಅಂತ ಬೋರ್ಡೂ ಬಂತು. ಒಳಗೆ ಪಾರ್ಕು ಮಾಡುತ್ತೇವೆ ಅಂದಿದ್ದರು. ಎರಡು ಸಿಮೆಂಟ್ ಬೆಂಚು ಹಾಕಿದ್ದಾರೆ. ಸುತ್ತ ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದೆ.

ಆ ತೋಪಿನಲ್ಲಿ ಹದಿನಾಲ್ಕು ಹುಣಸೆಮರ, ಎರಡು ಬೇವಿನಮರ ಇವೆ. ನನ್ನ ತಾತನಿಗೂ ಅವನ್ನು ನೆಟ್ಟವರು ಯಾರು ಅಂತ ಗೊತ್ತಿರಲಿಲ್ಲ. ಆದರೆ ಯಾವ ಮರದ ಕೆಳಗೆ ಯಾರು ಇಳಿಯುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಕೆರೆ ಕಡೆಯ ದೊಡ್ಡ ಹುಣಸೆ ಹೆಳವರದು. ಬಾವಿ ಹತ್ತಿರದ್ದು ಕಲಾಯಿಯವರದು, ಅವರಿಗೆ ನೀರು ಜಾಸ್ತಿ ಬೇಕು. ಕೊರಮರ ಹೆಂಗಸರು ಈಚಲು ಗರಿ ನೆನೆಹಾಕಿ ಬುಟ್ಟಿ ಹೆಣೆಯಲು ಬೇವಿನ ಕೆಳಗೆ ಕೂರುತ್ತಿದ್ದರು. ಕಾಗದ ಪತ್ರ ಇರಲಿಲ್ಲ, ಪಹಣಿ ಇರಲಿಲ್ಲ. ಆದರೂ ಒಬ್ಬರ ಮರದ ಕೆಳಗೆ ಇನ್ನೊಬ್ಬರು ಇಳಿದಿದ್ದನ್ನು ನಾನು ನೋಡಿಲ್ಲ. ಮಳೆಗಾಲದಲ್ಲಿ ಯಾರೂ ಬರುತ್ತಿರಲಿಲ್ಲ. ದೀಪಾವಳಿ ಕಳೆದು ಕಣ ಶುರುವಾದರೆ ಬರಲು ಹತ್ತುತ್ತಿದ್ದರು, ಯುಗಾದಿವರೆಗೆ ಒಬ್ಬರಾದ ಮೇಲೆ ಒಬ್ಬರು. ನಾಯಕನಹಟ್ಟಿ ಜಾತ್ರೆ ಹತ್ತಿರ ಬಂತೆಂದರೆ ತೋಪಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಹೆಳವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮಲ್ಲಿ ಚಿಕ್ಕ ವಯಸ್ಸಿನ ಸದಸ್ಯರು ನೋಡಿರಲಿಕ್ಕಿಲ್ಲ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ನಾಲ್ಕೈದು ವರ್ಷಕ್ಕೊಮ್ಮೆ ಬರುವವರು. ಮನೆ ಮುಂದೆ ನಿಂತು ಆ ಮನೆತನದ ವಂಶಾವಳಿಯನ್ನು ಮೇಲಿನಿಂದ ಹೇಳುತ್ತಾ ಬರುವುದು ಅವರ ಕಸುಬು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬಂದಿದ್ದ ಹೆಳವಜ್ಜ ನಮ್ಮ ಮನೆಯ ಏಳು ತಲೆ ಹೇಳಿದರು. 1876ರಲ್ಲಿ ಬಿದ್ದ ದೊಡ್ಡ ಬರದಲ್ಲಿ, ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದುದು ಅದನ್ನೇ, ಇಬ್ಬರು ಅಣ್ಣತಮ್ಮಂದಿರು ಊರು ಬಿಟ್ಟು ಇತ್ತ ಬಂದರಂತೆ. ತಮ್ಮ ದಾರಿಯಲ್ಲೇ ತೀರಿಕೊಂಡ. ಅಣ್ಣ ಈ ಊರಿನಲ್ಲಿ ನಮ್ಮ ಮೂಲಪುರುಷ. ಹೆಳವಜ್ಜ ಆ ತಮ್ಮನ ಹೆಸರನ್ನೂ ಬಿಡಲಿಲ್ಲ. ಹುಟ್ಟಿ ಹದಿನೈದು ದಿನಕ್ಕೆ ಹೋದ ನನ್ನ ತಂಗಿಯ ಹೆಸರನ್ನೂ ಅಮ್ಮನ ಹತ್ತಿರ ಕೇಳಿ ಪುಸ್ತಕಕ್ಕೆ ಸೇರಿಸಿಕೊಂಡರು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊರದ ತುಂಬ ಜೋಳ ತಂದು ಹಾಕಿದರು. ಆ ಮಗುವಿನ ಹೆಸರು ಬೇರೆ ಯಾವ ಕಚೇರಿಯಲ್ಲೂ ಇಲ್ಲ.

ಕಲಾಯಿ ಸಾಬಣ್ಣನವರು ಬಂದರೆ ಊರಿನ ತಾಮ್ರ, ಹಿತ್ತಾಳೆ ಪಾತ್ರೆ ಎಲ್ಲ ತೋಪಿಗೆ ಬರುತ್ತಿತ್ತು. ಹುಣಸೆಹಣ್ಣು ಹಾಕುವ ಅಡುಗೆ ನಮ್ಮದು. ಕಲಾಯಿ ಹೋದ ಪಾತ್ರೆಯಲ್ಲಿ ಸಾರು ಇಟ್ಟರೆ ಕಿಲುಬು ಬಿಟ್ಟು ವಿಷ ಆಗುತ್ತದೆ. ಹಾಗಾಗಿ ಆತ ಬರುವುದು ಒಂದು ತಿಂಗಳು ತಡವಾದರೂ ಹೆಂಗಸರಿಗೆ ಕಳವಳ. ಆತನ ಮಗ ದೊಡ್ಡ ಹಂಡೆಯೊಳಗೆ ಮರಳು ಹಾಕಿಕೊಂಡು ಬರಿಗಾಲಲ್ಲಿ ನಿಂತು, ಮರದ ಕೊಂಬೆ ಹಿಡಿದು, ಸೊಂಟ ತಿರುಗಿಸುತ್ತಾ ತಿಕ್ಕುತ್ತಿದ್ದ. ನೆಲದಲ್ಲಿ ತೋಡಿದ ಕುಳಿಯಲ್ಲಿ ಇದ್ದಿಲು, ಅದಕ್ಕೆ ತೊಗಲಿನ ತಿದಿ. ಪಾತ್ರೆ ಕಾದ ಮೇಲೆ ಒಂದು ಚಿಟಿಕೆ ನವಸಾಗರ ಎರಚಿದರೆ ಬಿಳಿ ಹೊಗೆ ಬುಸ್ಸೆಂದು ಏಳುತ್ತಿತ್ತು. ಮೂಗಿಗೆ ಬಡಿಯುವ ಆ ವಾಸನೆ ನನಗೆ ಇವತ್ತೂ ನೆನಪಿದೆ. ಆಗ ತವರದ ಕಡ್ಡಿಯನ್ನು ಪಾತ್ರೆಗೆ ತಾಗಿಸಿ, ಹತ್ತಿ ಉಂಡೆಯಿಂದ ಸುತ್ತ ಒಂದೇ ಸಮ ಒರೆಸುತ್ತಿದ್ದರು. ಕಪ್ಪಗಿದ್ದ ಪಾತ್ರೆಯ ಹೊಟ್ಟೆಯೊಳಗೆ ಬೆಳ್ಳಿ ಓಡಿದ ಹಾಗೆ ಕಾಣುತ್ತಿತ್ತು. ನೀರಿಗೆ ಅದ್ದಿದರೆ ಚುಂಯ್ ಅಂತ ಸದ್ದು. ನಾವು ಹುಡುಗರು ಶಾಲೆ ಬಿಟ್ಟು ಅದನ್ನೇ ನೋಡುತ್ತಾ ಕೂತಿರುತ್ತಿದ್ದೆವು.

ಇನ್ನೊಬ್ಬರ ವಿಷಯ ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. ಬೀಸೋಕಲ್ಲು, ಒಳ್ಳುಕಲ್ಲಿಗೆ ಉಳಿ ಹಾಕುವವರು. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಕಾಳು ಒಡೆಯುವುದಿಲ್ಲ, ಜಾರುತ್ತದೆ. ವರ್ಷಕ್ಕೊಮ್ಮೆ ಗಂಡ ಹೆಂಡತಿ ಉಳಿ ಸುತ್ತಿಗೆ ಚೀಲದಲ್ಲಿ ಹಾಕಿಕೊಂಡು ಬಂದು, ಮನೆಮನೆಯ ಅಂಗಳದಲ್ಲಿ ಕೂತು ಕಲ್ಲಿಗೆ ಮತ್ತೆ ಹಲ್ಲು ಮೂಡಿಸಿ ಹೋಗುತ್ತಿದ್ದರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ಸಾಲ ಮಾಡಿ ಡೀಸೆಲ್ ಎಂಜಿನ್ನಿನ ಗಿರಣಿ ಹಾಕಿಸಿದರು. ಬೆಳಗಿನ ಜಾವ ಬೀಸೋ ಕೆಲಸ ತಪ್ಪಿತು ಅಂತ ಊರಿನ ಹೆಂಗಸರು ಅಪ್ಪನನ್ನು ಹರಸಿದರು. ಆ ವರ್ಷ ಉಳಿಯವರು ಬಂದಾಗ ಇಡೀ ಊರಲ್ಲಿ ಸಿಕ್ಕಿದ್ದು ಬೆರಳೆಣಿಕೆ ಮನೆ. ಸಂಜೆ ಗಿರಣಿ ಮುಂದೆ ಬಂದು ನಿಂತರು. ಬೈಯಲಿಲ್ಲ. ಎಂಜಿನ್ ನೋಡಿದರು, ತಿರುಗುವ ಕಲ್ಲು ನೋಡಿದರು. "ಈ ಕಲ್ಲೂ ಸವೀತೈತಲ್ಲ ಯಜಮಾನ್ರೇ, ಇದಕ್ಕೆ ಯಾರು ಉಳಿ ಹಾಕೋರು?" ಅಂತ ಕೇಳಿದರು. ಅಪ್ಪನಿಗೆ ಆ ಯೋಚನೆಯೇ ಬಂದಿರಲಿಲ್ಲ. ಅವತ್ತಿನಿಂದ ಎಷ್ಟೋ ವರ್ಷ ನಮ್ಮ ಗಿರಣಿಯ ಕಲ್ಲಿಗೆ ಉಳಿ ಹಾಕಿದ್ದು ಅವರೇ. ಬಂದಾಗಲೆಲ್ಲ ತೋಪಿನಲ್ಲಿ ಇಳಿದು, ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದರು. ಒಂದು ಗಿರಣಿ ಒಂದು ಸಂಸಾರವನ್ನು ಸಾಕಿತು. ಮಿಕ್ಕ ಉಳಿಯವರು ಏನಾದರೋ.

ನಮ್ಮದು ಬರದ ತಾಲ್ಲೂಕು. ಮಳೆ ಕೈಕೊಟ್ಟ ವರ್ಷ ಊರೇ ಸೇರಿ ವಂತಿಗೆ ಎತ್ತಿ ಕಿಳ್ಳೇಕ್ಯಾತರನ್ನು ಕರೆಸಿ ತೊಗಲುಗೊಂಬೆ ಆಟ ಆಡಿಸುತ್ತಿತ್ತು. ಆಟ ಆಡಿಸಿದರೆ ಮಳೆ ಬರುತ್ತದೆ ಅಂತ ನಂಬಿಕೆ. ಇಂಥ ದಿನ ಬನ್ನಿ ಅಂತ ನಾವೇ ಎಲೆಅಡಿಕೆ ಕೊಟ್ಟು ಕರೆದವರು. ಅದೇ ಕಲೆಗೆ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬುಡ್ಗ ಜಂಗಮರ ದರೋಜಿ ಈರಮ್ಮ ಬುರ್ರಕಥೆ ಹಾಡಿ ನಾಡೋಜ ಆದರು. ಪೇಪರಿನಲ್ಲಿ ಫೋಟೊ ಬಂದಾಗ ನಾವೂ ಹೆಮ್ಮೆಪಟ್ಟೆವು. ಅವರ ಸಂಬಂಧಿಕರು ಊರ ಬಾಗಿಲಿಗೆ ಬಂದರೆ ಬೀಗ ತೋರಿಸುತ್ತೇವೆ. ಇದು ಸರಿಯಾ?

ನಸುಕಿನಲ್ಲಿ ಬರುವ ಬುಡುಬುಡಿಕೆಯವರು, ಕೋಲೆಬಸವ, ಮಾರಮ್ಮನ ಪೆಟ್ಟಿಗೆ ಹೊತ್ತು ಚಾಟಿ ಬೀಸಿಕೊಳ್ಳುವ ದುರುಗಮುರುಗಿಯವರು, ಸುಡುಗಾಡು ಸಿದ್ಧರು, ಹತ್ತಿ ಹಿಂಜುವ ಪಿಂಜಾರಣ್ಣ, ಬಳೆಗಾರ. ಎಲ್ಲರ ಹೆಸರು ಹೇಳುತ್ತಾ ಹೋದರೆ ಪತ್ರ ಮುಗಿಯುವುದಿಲ್ಲ. ಇವರನ್ನೆಲ್ಲ ಈಗಿನವರು ಭಿಕ್ಷುಕರು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನನಗೆ ಅದು ತುಂಬ ನೋವು ತರುತ್ತದೆ. ಕಣದಲ್ಲಿ ರಾಶಿ ಮಾಡಿದಾಗ ಕಮ್ಮಾರ, ಬಡಗಿ, ಅಗಸರ ಪಾಲು ತೆಗೆದ ಮೇಲೆ ನಮ್ಮ ತಾತ ಇನ್ನೊಂದು ಚಿಕ್ಕ ಗುಡ್ಡೆ ಬೇರೆ ಮಾಡಿಸುತ್ತಿದ್ದರು. ಅದು ತೋಪಿಗೆ ಬರುವವರದು. ಅದನ್ನು ಅಳೆದು ಕೊಡುವಾಗ "ದಾನ" ಅನ್ನುವ ಪದ ತಾತನ ಬಾಯಲ್ಲಿ ಬರುತ್ತಿರಲಿಲ್ಲ, "ಅವರ ಪಾಲು" ಅನ್ನುತ್ತಿದ್ದರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತನ್ನು ನಮ್ಮ ಆಟೊಗಳ ಹಿಂದೆ, ಅಂಗಡಿಗಳ ಮೇಲೆ ಬರೆಸಿಕೊಂಡಿದ್ದೇವೆ. ಕೆಲಸ ಮಾಡಿದವನಿಗೆ ಅಷ್ಟು ಸಲ್ಲಬೇಕು ಅಂತ ತಾನೇ ಅದರ ಅರ್ಥ? ಇವರು ಮಾಡಿಲ್ಲವಾ?

ಕಸುಬು ಯಾಕೆ ಹೋಯಿತು ಅನ್ನುವುದು ನಿಮಗೂ ಗೊತ್ತು. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ ಕೊರಚರ, ಲಂಬಾಣಿಗರ ವ್ಯಾಪಾರ ರೈಲು ಬಂದ ಮೇಲೆ ಬಿತ್ತು. ನಮ್ಮ ಕಡೆ ಹರಿಹರದವರೆಗೆ ರೈಲು ಬಂದಿದ್ದು 1880ರ ದಶಕದಲ್ಲಿ. ಅಲ್ಯೂಮಿನಿಯಂ, ಸ್ಟೀಲು ಬಂದು ಕಲಾಯಿ ಹೋಯಿತು. ಪ್ಲಾಸ್ಟಿಕ್ ಬಂದು ಈಚಲು ಬುಟ್ಟಿ ಹೋಯಿತು. 1972ರ ವನ್ಯಜೀವಿ ಕಾಯ್ದೆಯಿಂದ ಹಾವಾಡಿಗರು, ಕರಡಿ ಆಡಿಸುವವರು ನಿಂತರು. ಕರಡಿಯ ಮೂಗಿನ ಹಗ್ಗ ನೋಡಿದವನು ನಾನು, ಆ ಕಾಯ್ದೆ ಬಂದಿದ್ದು ಒಳ್ಳೆಯದೇ. ಬನ್ನೇರುಘಟ್ಟದಲ್ಲಿ ಕರಡಿಗಳಿಗೆ ಇರಲು ಜಾಗ ಸಿಕ್ಕಿತು. ಕರಡಿಯವನು ಆಮೇಲೆ ಎಲ್ಲಿ ಹೋದ ಅಂತ ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆದರೆ ಕಸುಬು ಹೋಯಿತು ಅಂತ ಜನ ಮಾಯ ಆಗುತ್ತಾರಾ? ಬೇರೆ ಕಸುಬು ಹುಡುಕಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದಾರೆ. ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದವರೆಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡು, ಸರ್ಕಾರ ವಾಪಸ್ ಕರೆತಂದಿದ್ದು ನೆನಪಿರಬೇಕು. ದುಡಿಯುವ ಮನಸ್ಸಿಲ್ಲದವರು ಅಷ್ಟು ದೂರ ಹೋಗುವುದಿಲ್ಲ.

ಇನ್ನು ಕಳ್ಳತನದ ಮಾತು. ಪಂಚಾಯಿತಿಯಲ್ಲಿ ನನಗೆ ಮೊದಲು ಹೇಳಿದ್ದೇ ಅದು. ಈ ಅನುಮಾನ ಎಲ್ಲಿಂದ ಬಂತು ಅಂತ ನಾವು ತಿಳಿದುಕೊಳ್ಳಬೇಕು. 1871ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದು, ಅಲೆದಾಡುವ ಎಷ್ಟೋ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಮಗು ತೊಟ್ಟಿಲಲ್ಲಿ ಇರುವಾಗಲೇ ಕಳ್ಳ. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರ ಆಗಸ್ಟ್ 31ರಂದು ಅವರನ್ನು ಆ ಪಟ್ಟಿಯಿಂದ ಬಿಡಿಸಿದರು. ಅವರು ಇವತ್ತಿಗೂ ಆ ದಿನವನ್ನು ವಿಮುಕ್ತಿ ದಿನ ಅಂತ ಆಚರಿಸುತ್ತಾರೆ. ಕಾಯ್ದೆ ಹೋಯಿತು, ನಮ್ಮ ತಲೆಯೊಳಗಿನ ಪಟ್ಟಿ ಹೋಗಲಿಲ್ಲ. ನನ್ನ ನೆನಪಿನಲ್ಲಿ ನಮ್ಮೂರಲ್ಲಿ ಪಂಪ್‌ಸೆಟ್ ಕೇಬಲ್ ಕದ್ದವರು, ದೇವರ ಹುಂಡಿ ಒಡೆದವರು ಸಿಕ್ಕಿಬಿದ್ದಾಗ ಎಲ್ಲರೂ ಮನೆ ಮಠ ಇರುವ ಸುತ್ತಲಿನವರೇ. ತೋಪಿನವರ ಮೇಲೆ ಗುಮಾನಿ ಬಂದಿದ್ದುಂಟು, ರುಜುವಾತು ಆಗಿದ್ದು ನಾನು ಕಂಡಿಲ್ಲ.

ಮೊಬೈಲ್ ಮೆಸೇಜಿನ ವಿಷಯ ನಾನು ಹಗುರವಾಗಿ ಹೇಳುತ್ತಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊರಗಿನಿಂದ ಕೂಲಿಗೆ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಅದೇ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ ಹಳ್ಳಿಗೆ ಸಂತೆ ದಿನ ಐದು ಜನ ಹೋಗಿದ್ದರು. ಊರೂರು ತಿರುಗಿ ಭಿಕ್ಷೆ ಎತ್ತುವ ಗೋಸಾವಿ ಜನ. ಅದೇ ಥರದ ಮೆಸೇಜು ಹರಿದಾಡಿತ್ತು. ಜನ ಅವರನ್ನು ಹಿಡಿದು, ಗ್ರಾಮ ಪಂಚಾಯಿತಿ ಕಚೇರಿಯ ಕೋಣೆಯೊಳಗೆ ಎಳೆದುಕೊಂಡು ಹೋಗಿ, ಐದೂ ಜನ ಸಾಯುವವರೆಗೆ ಹೊಡೆದರು. ಪಂಚಾಯಿತಿ ಕಚೇರಿಯಲ್ಲಿ, ಸ್ವಾಮಿ. ನೀವು ಸಭೆ ಮಾಡುತ್ತೀರಲ್ಲ, ಅಂಥದೇ ಕೋಣೆಯಲ್ಲಿ. ನಮ್ಮೂರಿನ ಹುಡುಗರು ಅವತ್ತು ಕೈ ಎತ್ತಲಿಲ್ಲ. ಇನ್ನೊಂದು ರಾತ್ರಿ, ಇನ್ನೊಂದು ಊರಿನಲ್ಲಿ, ಒಬ್ಬ ಕುಡಿದವನು ಮೊದಲ ಕಲ್ಲು ಎಸೆದರೆ ಸಾಕು.

ನಮ್ಮ ಮಕ್ಕಳ ಕಡೆಯೂ ಸ್ವಲ್ಪ ನೋಡಿ. ಮಳೆ ಇಲ್ಲದ ವರ್ಷ ನಮ್ಮ ತಾಲ್ಲೂಕಿನಿಂದ ಎಷ್ಟು ಜನ ಕಾಫಿ ತೋಟಕ್ಕೆ, ಎಷ್ಟು ಜನ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ? ನನ್ನ ಇನ್ನೊಬ್ಬ ತಂಗಿಯ ಮಗ ಎರಡು ವರ್ಷ ತಗಡಿನ ಶೆಡ್ಡಿನಲ್ಲಿ ಸಂಸಾರ ಮಾಡಿದ್ದಾನೆ. ಅಲ್ಲಿಯವರಿಗೆ ಅವನೂ ಓಟರ್ ಅಲ್ಲ, ಹೊರಗಿನವನು. ಯಾರಾದರೂ ರಾತ್ರಿ ಒಂಬತ್ತಕ್ಕೆ ಹೋಗಿ ಅವನ ಒಲೆ ಆರಿಸಿದರೆ ನಮಗೆ ಹೇಗಾಗುತ್ತದೆ?

ಕುರಿಯವರು ಬಂದರೆ ನಾವು ಹೀಗೆ ಮಾಡುವುದಿಲ್ಲ, ಗಮನಿಸಿದ್ದೀರಾ? ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರ ಸಿಗುತ್ತದೆ. ಅದಕ್ಕೆ ಪೈಪೋಟಿ ಮೇಲೆ ಕರೆದು, ದುಡ್ಡು ಕೊಟ್ಟು, ಊಟ ಕೊಟ್ಟು ಇರಿಸಿಕೊಳ್ಳುತ್ತೇವೆ. ಅವರೂ ಊರು ಬಿಟ್ಟು ಬಂದವರೇ, ಅವರೂ ಬಯಲಲ್ಲೇ ಮಲಗುವವರು. ಕುರಿಯವರಿಗೆ ಹಾಗೆ ಮಾಡಿ ಅಂತ ನಾನು ಹೇಳುತ್ತಿಲ್ಲ, ದೇವರಾಣೆ. ಅವರಿಗೆ ಕೊಡುವ ಮರ್ಯಾದೆಯನ್ನು ಇವರಿಗೂ ಕೊಡಿ ಅನ್ನುತ್ತಿದ್ದೇನೆ.

ಈಗ ನನ್ನ ಬೇಡಿಕೆ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯಲ್ಲಿ 59 ಅಲೆಮಾರಿ ಸಮುದಾಯಗಳಿಗೆ ಬೇರೆಯಾಗಿ ಶೇ 1 ಕೊಡಿ ಅಂತ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಶಿಫಾರಸು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸರ್ಕಾರ ಅವರನ್ನು ದೊಡ್ಡ ಗುಂಪಿನ ಜೊತೆ ಸೇರಿಸಿತು. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಅದು ವಿಧಾನಸೌಧದಲ್ಲಿ ತೀರ್ಮಾನ ಆಗಬೇಕಾದದ್ದು, ನಿಮ್ಮನ್ನು ಅದಕ್ಕೆ ಕೇಳುವುದಿಲ್ಲ. ನಾನು ಕೇಳುವುದೆಲ್ಲ ನಿಮ್ಮ ಕೈಯಲ್ಲೇ ಇರುವುದು.

ಗುಂಡುತೋಪು ಇರುವ ಕಡೆ ಅದರ ಒಂದು ಭಾಗವನ್ನು ಬಿಡಾರಕ್ಕೆ ಅಂತ ಬಿಡಿ. ಪಾರ್ಕು ಬೇಡ ಅನ್ನುತ್ತಿಲ್ಲ, ಎರಡಕ್ಕೂ ಜಾಗ ಇದೆ. ಒಂದು ನಲ್ಲಿ, ಒಂದು ಬೀದಿ ದೀಪ, ಹೆಂಗಸರಿಗೆ ಒಂದು ಗಂಡಸರಿಗೆ ಒಂದು ಶೌಚಾಲಯ, ಇಷ್ಟು ಸಾಕು. ಗಲೀಜು ಮಾಡುತ್ತಾರೆ ಅನ್ನುವ ದೂರು ಇದೆ. ನೀರೂ ಇಲ್ಲ, ಮರೆಯೂ ಇಲ್ಲ ಅಂದರೆ ನಾವಾದರೂ ಏನು ಮಾಡುತ್ತಿದ್ದೆವು? ತೋಪು ಇಲ್ಲದ ಊರಲ್ಲಿ ಗೋಮಾಳದ ಅಂಚಿನಲ್ಲಿ ಹತ್ತು ಗುಡಾರಕ್ಕೆ ಆಗುವಷ್ಟು ಜಾಗ ಗುರುತು ಮಾಡಿ. ಗ್ರಾಮಸಭೆಯಲ್ಲಿ ಠರಾವು ಮಾಡಿ ಪುಸ್ತಕದಲ್ಲಿ ಬರೆಯಿರಿ, ನಾಳೆ ಬರುವ ಸದಸ್ಯರು ಬದಲಾಯಿಸದ ಹಾಗೆ.

ಬಂದವರ ಹೆಸರು ಬರೆದುಕೊಳ್ಳಿ, ಅದು ತಪ್ಪಲ್ಲ. ಆದರೆ ಠಾಣೆಗೆ ಕಳಿಸುವುದಕ್ಕೆ ಅಂತ ಬರೆದುಕೊಳ್ಳಬೇಡಿ. ಬರೆದುಕೊಂಡು ಒಂದು ಚೀಟಿ ಕೊಡಿ. ಇಂಥವರು ಇಷ್ಟು ದಿನ ನಮ್ಮ ಊರಿನಲ್ಲಿ ಇರುತ್ತಾರೆ, ಪಂಚಾಯಿತಿಗೆ ಗೊತ್ತಿದೆ ಅಂತ, ಸೀಲು ಸಹಿ ಹಾಕಿ. ಅಂಥ ಒಂದು ಚೀಟಿ ಆ ಅಜ್ಜನ ಜೇಬಿನಲ್ಲಿದ್ದಿದ್ದರೆ ಅವತ್ತು ಹುಡುಗರ ದನಿ ಅಷ್ಟು ಏರುತ್ತಿರಲಿಲ್ಲ. ನನ್ನಂಥವನಿಗೂ ಮುಂದೆ ಹೋಗಿ ಮಾತಾಡಲು ಧೈರ್ಯ ಬರುತ್ತಿತ್ತು. ಡಂಗುರದ ಕಾಲ ಹೋಯಿತು, ಕಸದ ಗಾಡಿಯಲ್ಲಿ ಮೈಕ್ ಇದೆಯಲ್ಲ. ಅದರಲ್ಲೇ ಒಂದು ಮಾತು ಹೇಳಿಸಿ, ತೋಪಿಗೆ ಇಂಥವರು ಬಂದಿದ್ದಾರೆ, ಇಂಥ ಸಾಮಾನು ಮಾರುತ್ತಾರೆ ಅಂತ. ಹೆದರಿಕೆ ಅರ್ಧ ಕಡಿಮೆ ಆಗುತ್ತದೆ, ವ್ಯಾಪಾರವೂ ಆಗುತ್ತದೆ.

ಆ ಏಳು ಸಂಸಾರದಲ್ಲಿ ಶಾಲೆ ವಯಸ್ಸಿನ ಒಂಬತ್ತು ಮಕ್ಕಳಿದ್ದವು. ಹಗಲೆಲ್ಲ ಶಾಲೆ ಕಾಂಪೌಂಡಿನ ಹೊರಗೆ ನಿಂತು ಆಟ ನೋಡುತ್ತಿದ್ದವು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಯಾವ ಮಗುವನ್ನೂ ಹುಟ್ಟಿದ ದಾಖಲೆ ಇಲ್ಲ ಅಂತ, ವರ್ಷದ ನಡುವೆ ಬಂದೆ ಅಂತ ವಾಪಸ್ ಕಳಿಸುವ ಹಾಗಿಲ್ಲ. ನಮ್ಮ ರಾಜ್ಯದಲ್ಲೇ ವಲಸೆ ಬಂದವರ ಮಕ್ಕಳಿಗೆ ಟೆಂಟ್ ಶಾಲೆ ನಡೆಸಿದ್ದೂ ಉಂಟು. ಹದಿನೈದು ದಿನ ಇದ್ದರೂ ಹದಿನೈದು ದಿನ ಒಳಗೆ ಕೂರಲಿ, ಬಿಸಿಯೂಟ ಉಣ್ಣಲಿ. ಮೇಷ್ಟ್ರಿಗೆ ನೀವು ಒಂದು ಮಾತು ಹೇಳಿದರೆ ಆಗುವ ಕೆಲಸ ಇದು.

ನೆಲೆ ನಿಲ್ಲಬೇಕು ಅಂತ ಬಯಸುವವರಿಗೆ ಮನೆ ಜಾಗ ಕೊಡುವಾಗ ಸ್ಮಶಾನದ ಪಕ್ಕ, ಹಳ್ಳದ ದಂಡೆ ತೋರಿಸಬೇಡಿ. ಜಾತಿ ಪತ್ರ, ವಾಸದ ಪತ್ರಕ್ಕೆ ಅವರು ಬಂದಾಗ ಹಿಂದಿನ ಊರಿನಿಂದ ತನ್ನಿ ಅಂತ ಅಟ್ಟಬೇಡಿ. ಅವರ ಹಿಂದಿನ ಊರಿನಲ್ಲೂ ಅದನ್ನೇ ಹೇಳಿರುತ್ತಾರೆ. ನಾಡಕಚೇರಿಗೆ ನಿಮ್ಮ ಕಡೆಯಿಂದ ಒಂದು ಪತ್ರ ಹೋದರೆ ಅವರ ಎಷ್ಟೋ ಓಡಾಟ ತಪ್ಪುತ್ತದೆ.

ಕೊನೆಗೆ ನಮ್ಮ ಊರಿನ ಪಂಚಾಯಿತಿಯವರಿಗೆ ಒಂದು ಮಾತು. ನೀವು ಈ ಪತ್ರ ಓದಿದರೆ ಯಾರು ಬರೆದದ್ದು ಅಂತ ಗೊತ್ತಾಗಿಯೇ ಆಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ಗ್ರಾಮಸಭೆಗೆ ಇದರ ಪ್ರತಿ ಹಿಡಿದು ಬರುತ್ತೇನೆ, ಈ ಸಲ ಸುಮ್ನೆ ಕೂರುವುದಿಲ್ಲ. ಪಾರ್ಥೇನಿಯಂ ಕೀಳಲು ಒಂದು ದಿನದ ಆಳಿನ ಖರ್ಚು ನನ್ನದು. ಹೆಳವರು ನಮ್ಮೂರಿಗೆ ಬಂದು ಐದು ವರ್ಷ ಆಯಿತು. ಲೆಕ್ಕದ ಪ್ರಕಾರ ಈ ದೀಪಾವಳಿ ಕಳೆದ ಮೇಲೆ ಬರಬೇಕು. ಈಗ ಬರುವುದು ಆ ಹೆಳವಜ್ಜನ ಮೊಮ್ಮಗ. ನನ್ನ ಮೊಮ್ಮಗನ ಹೆಸರು ಇನ್ನೂ ಅವರ ಪುಸ್ತಕಕ್ಕೆ ಸೇರಿಲ್ಲ. ಅವರು ಬರುವ ಹೊತ್ತಿಗೆ ತೋಪಿನ ಗೇಟು ತೆಗೆದಿರಲಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಜಗಳೂರು ತಾಲ್ಲೂಕಿನ ಒಬ್ಬ ಗಿರಣಿಯವನು